ಹಳ್ಳಿ ಶಾಲೆಯ ಉಪಾಧ್ಯಾಯನಿಂದ ಮಹಾನಿಘಂಟಿನವರೆಗೆ: ನೋವಾ ವೆಬ್‌ಸ್ಟರ್

ಕನ್ನಡದ ಮಗು ಕಾಗುಣಿತ, ಒತ್ತಕ್ಷರಗಳನ್ನು ಕರಗತ ಮಾಡಿಕೊಂಡರೆ ಸಾಕು, ಕಣ್ಣಿಗೆ ಬಿದ್ದ ಯಾವ ಪದವನ್ನಾದರೂ ಓದಬಲ್ಲದು. ಇಂಗ್ಲಿಷಿನಲ್ಲಿ ಆ ಅನುಕೂಲವಿಲ್ಲ. ಉಚ್ಚಾರವೇ ಬೇರೆ, ಬರಹವೇ ಬೇರೆ. ಸಾಲದ್ದಕ್ಕೆ ಬರಹದಲ್ಲೂ ಎರಡು ಪದ್ಧತಿಗಳು. ನಮ್ಮ ಶಾಲೆಗಳಲ್ಲಿ ಬ್ರಿಟಿಷ್ ಪದ್ಧತಿಯಂತೆ ‘ಕಲರ್’ ಪದದ ಕೊನೆಯ ಭಾಗದಲ್ಲಿ ಯು ಅಕ್ಷರವನ್ನು ತಪ್ಪದೆ ಬರೆಯಲು ಕಲಿತ ವಿದ್ಯಾರ್ಥಿ ಕಂಪ್ಯೂಟರಿನ ಮುಂದೆ ಕುಳಿತಾಗ ಅದೇ ಪದದ ಅಡಿಯಲ್ಲಿ ಕೆಂಪು ಗೆರೆ ಮೂಡುವುದುಂಟು. ಯಂತ್ರವು ಅಮೆರಿಕದ ಪದ್ಧತಿಯನ್ನು ಅನುಸರಿಸುತ್ತಿರುವುದೇ ಅದಕ್ಕೆ ಕಾರಣ.

ಈ ಎರಡನೆಯ ಪದ್ಧತಿಗೆ ಭದ್ರವಾದ ನೆಲೆ ಒದಗಿಸಿದವನು ನೋವಾ ವೆಬ್‌ಸ್ಟರ್. ಇಂದು ಆತನ ಹೆಸರು ನಿಘಂಟಿಗೆ ಪರ್ಯಾಯವೆಂಬಂತೆ ಬಳಕೆಯಲ್ಲಿದೆ. ಆದರೆ ಆತ ಮೊದಲು ನಿಘಂಟುಕಾರನಲ್ಲ. ಕಡಿಮೆ ಸಂಬಳದ, ಹೆಚ್ಚು ಮಕ್ಕಳಿದ್ದ, ಒಳ್ಳೆಯ ಪುಸ್ತಕಗಳಿಲ್ಲದ ಶಾಲೆಗಳಲ್ಲಿ ದುಡಿದ ಉಪಾಧ್ಯಾಯ. ಆ ಶಾಲೆಗಳ ದುಃಸ್ಥಿತಿಯೇ ಆತನ ಜೀವಿತಕಾರ್ಯದ ದಿಕ್ಕನ್ನು ನಿರ್ಧರಿಸಿತು.

ರೈತನ ಮಗ

ವೆಬ್‌ಸ್ಟರ್ ಜನಿಸಿದ್ದು 1758ರ ಅಕ್ಟೋಬರ್ 16ರಂದು, ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡ್ ಪಟ್ಟಣದ ಪಶ್ಚಿಮ ಭಾಗದಲ್ಲಿ. ಆಗ ಅದು ಬ್ರಿಟಿಷರ ವಸಾಹತು. ತಂದೆಯ ಹೆಸರೂ ನೋವಾ ವೆಬ್‌ಸ್ಟರ್. ಕೃಷಿಕ, ಚರ್ಚಿನಲ್ಲಿ ಡೀಕನ್, ಊರಿನ ಸೇನಾಪಡೆಯಲ್ಲಿ ಕ್ಯಾಪ್ಟನ್. ತಾಯಿ ಮರ್ಸಿ ಸ್ಟೀಲ್. ಎರಡೂ ಕಡೆಯ ಪೂರ್ವಿಕರಲ್ಲಿ ವಸಾಹತುಗಳ ಗವರ್ನರುಗಳಾಗಿದ್ದವರು ಇದ್ದರು. ಆದರೆ ಮನೆಯಲ್ಲಿ ಸಿರಿತನವೇನೂ ಉಳಿದಿರಲಿಲ್ಲ. ಐವರು ಮಕ್ಕಳ ಸಂಸಾರ ಹೊಲದ ದುಡಿಮೆಯ ಮೇಲೆಯೇ ನಡೆಯುತ್ತಿತ್ತು.

ಹುಡುಗನಿಗೆ ಓದಿನ ಹಂಬಲ. ಸ್ಥಳೀಯ ಪಾದ್ರಿ ನೇಥನ್ ಪರ್ಕಿನ್ಸ್ ಅವರಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಪಾಠ ಹೇಳಿಸಿಕೊಂಡು 1774ರಲ್ಲಿ, ಹದಿನಾರು ತುಂಬುವ ಮುನ್ನವೇ, ನ್ಯೂಹೇವನ್ನಿನ ಯೇಲ್ ಕಾಲೇಜು ಸೇರಿದನು. ಶುಲ್ಕ ಭರಿಸುವುದಕ್ಕಾಗಿ ತಂದೆ ತನ್ನ ಜಮೀನನ್ನು ಒತ್ತೆ ಇಟ್ಟನು. ಮಗನ ಓದಿಗೆ ಹೊಲ ಒತ್ತೆಯಿಡುವ ಸಂಕಟ ನಮ್ಮ ಹಳ್ಳಿಗಳಿಗೆ ಹೊಸತಲ್ಲವಾದ್ದರಿಂದ ಆ ತ್ಯಾಗದ ಬೆಲೆ ನಮ್ಮ ಓದುಗರಿಗೆ ತಿಳಿಯದ್ದಲ್ಲ.

ಕಾಲೇಜು ಸೇರಿದ ಮರುವರ್ಷವೇ ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಸಮರ ಆರಂಭವಾಯಿತು. ಆಹಾರದ ಕೊರತೆ, ರೋಗಭೀತಿ, ಶತ್ರುಭಯಗಳಿಂದ ತರಗತಿಗಳು ಪದೇ ಪದೇ ನಿಂತವು; ಕೆಲವು ಕಾಲ ಬೇರೆ ಊರಿಗೂ ಸ್ಥಳಾಂತರಗೊಂಡವು. 1777ರಲ್ಲಿ ತಂದೆ ಮತ್ತು ಸೋದರರೊಡನೆ ವೆಬ್‌ಸ್ಟರನೂ ಸೇನಾಪಡೆಯನ್ನು ಸೇರಿ ಸಾರಟೋಗದತ್ತ ಹೊರಟನು. ಅವರು ರಣರಂಗ ಮುಟ್ಟುವ ಮೊದಲೇ ಬ್ರಿಟಿಷ್ ಸೇನಾನಿ ಬರ್ಗೋಯ್ನ್ ಶರಣಾಗಿದ್ದನು. 1778ರಲ್ಲಿ ವೆಬ್‌ಸ್ಟರ್ ಪದವೀಧರನಾದನು.

ಎಂಟು ಡಾಲರಿನ ನೋಟು

ಪದವಿ ಪಡೆದು ಮನೆಗೆ ಬಂದ ಮಗನ ಕೈಗೆ ತಂದೆ ಎಂಟು ಡಾಲರಿನ ಒಂದು ಕಾಗದದ ನೋಟನ್ನಿತ್ತು, ಇನ್ನು ಮುಂದೆ ಆತ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕೆಂದು ತಿಳಿಸಿದನು. ಯುದ್ಧಕಾಲದ ಹಣದುಬ್ಬರದಿಂದ ಆ ನೋಟಿನ ನಿಜಬೆಲೆ ತೀರ ಕುಸಿದಿತ್ತು. ಕಂಗೆಟ್ಟ ಯುವಕ ಕೆಲವು ದಿನ ಕೋಣೆಯಲ್ಲಿಯೇ ಉಳಿದು, ಇಂಗ್ಲೆಂಡಿನ ಪ್ರಸಿದ್ಧ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ನನ ಪ್ರಬಂಧಗಳನ್ನು ಓದಿ ಮನಸ್ಸಿಗೆ ಸಮಾಧಾನ ತಂದುಕೊಂಡನು. ಅದೇ ಜಾನ್ಸನ್ 1755ರಲ್ಲಿ ಇಂಗ್ಲಿಷಿನ ಹೆಸರಾಂತ ನಿಘಂಟನ್ನು ಪ್ರಕಟಿಸಿದ್ದವನು. ಮುಂದೆ ಆ ನಿಘಂಟಿಗೆ ಎದುರಾಳಿಯಾಗಿ ನಿಲ್ಲುವವನು ತಾನೇ ಎಂಬುದು ಆ ಯುವಕನಿಗೆ ಆಗ ಹೊಳೆದಿರಲಾರದು.

ವಕೀಲನಾಗಬೇಕೆಂಬುದು ವೆಬ್‌ಸ್ಟರನ ಆಸೆ. ಆದರೆ ಕಾನೂನು ಓದಲು ಹಣ ಬೇಕು, ಹಣಕ್ಕೆ ಉದ್ಯೋಗ ಬೇಕು. ಪದವೀಧರನಿಗೆ ಕೂಡಲೇ ದೊರೆಯುತ್ತಿದ್ದ ಉದ್ಯೋಗವೆಂದರೆ ಉಪಾಧ್ಯಾಯ ವೃತ್ತಿ ಒಂದೇ. ಗ್ಲಾಸ್ಟನ್‌ಬರಿ, ಹಾರ್ಟ್‌ಫರ್ಡ್‌ಗಳಲ್ಲಿ ಪಾಠ ಹೇಳುತ್ತಲೇ ಕಾನೂನು ಅಭ್ಯಸಿಸಿ 1781ರಲ್ಲಿ ವಕೀಲಿಯ ಪರವಾನಗಿ ಪಡೆದನು. ಯುದ್ಧದಿಂದ ಬಡವಾಗಿದ್ದ ನಾಡಿನಲ್ಲಿ ಕಕ್ಷಿದಾರರು ಬರಲಿಲ್ಲ. ಅದೇ ವರ್ಷ ಶೇರನ್ ಎಂಬ ಊರಿನಲ್ಲಿ ಸ್ವಂತ ಶಾಲೆಯೊಂದನ್ನು ತೆರೆದನು. ಅದು ಕೆಲವೇ ತಿಂಗಳಲ್ಲಿ ಮುಚ್ಚಿತು. 1782ರಲ್ಲಿ ನ್ಯೂಯಾರ್ಕ್ ರಾಜ್ಯದ ಗೋಷನ್ ಎಂಬ ಸಣ್ಣ ಊರಿಗೆ ಹೋಗಿ ಮತ್ತೆ ಉಪಾಧ್ಯಾಯನಾದನು.

ಅಂದಿನ ಶಾಲೆಗಳು

ಅಂದಿನ ಹಳ್ಳಿಯ ಶಾಲೆಯೆಂದರೆ ಸಾಮಾನ್ಯವಾಗಿ ಒಂದೇ ಕೋಣೆ. ಆರೇಳು ವರ್ಷದ ಮಕ್ಕಳಿಂದ ಹದಿಹರೆಯದವರವರೆಗೆ ಐವತ್ತು, ಅರವತ್ತು ವಿದ್ಯಾರ್ಥಿಗಳು ಒಟ್ಟಿಗೆ ಕೂರುತ್ತಿದ್ದರು. ಒಬ್ಬನೇ ಉಪಾಧ್ಯಾಯ. ಚಳಿಗಾಲದಲ್ಲಿ ಒಲೆಯ ಹತ್ತಿರ ಕುಳಿತವರಿಗೆ ಬೆವರು, ದೂರ ಕುಳಿತವರಿಗೆ ನಡುಕ. ಇದ್ದ ಪುಸ್ತಕಗಳೆಂದರೆ ಬೈಬಲ್ಲು, ಕೀರ್ತನೆಗಳ ಸಂಪುಟ ಮತ್ತು ಇಂಗ್ಲೆಂಡಿನ ಥಾಮಸ್ ಡಿಲ್ವರ್ತ್ ಎಂಬುವನು 1740ರಲ್ಲಿ ಪ್ರಕಟಿಸಿದ್ದ ಕಾಗುಣಿತದ ಪುಸ್ತಕ. ಚರಿತ್ರೆಯಾಗಲಿ ಭೂಗೋಳವಾಗಲಿ ಮಕ್ಕಳ ಓದಿನಲ್ಲಿ ಸೇರಿರಲಿಲ್ಲ.

ಡಿಲ್ವರ್ತನ ಪುಸ್ತಕದಲ್ಲಿ ಅಮೆರಿಕದ ಮಕ್ಕಳು ಬಾಯಿಪಾಠ ಮಾಡುತ್ತಿದ್ದುದು ಇಂಗ್ಲೆಂಡಿನ ಊರುಗಳ ಹೆಸರುಗಳನ್ನು. ತಮ್ಮ ಮನೆಯ ಪಕ್ಕದ ಹೊಳೆಯ ಹೆಸರನ್ನು ಬರೆಯಲು ಅವರಿಗೆ ಬರುತ್ತಿರಲಿಲ್ಲ. ಪದಗಳನ್ನು ಒಡೆಯುವ ಕ್ರಮವೂ ನಾಲಿಗೆಗೆ ಹೊಂದುತ್ತಿರಲಿಲ್ಲ. ‘ನೇಷನ್’ ಮೊದಲಾದ ಪದಗಳ ಕೊನೆಯಲ್ಲಿ ಬರುವ ‘ಷನ್’ ಎಂಬ ಒಂದೇ ಉಚ್ಚಾರವನ್ನು ಡಿಲ್ವರ್ತ್ ಎರಡು ಭಾಗ ಮಾಡಿ ತೋರಿಸುತ್ತಿದ್ದನು. ಶಿಕ್ಷಣವೆಂಬ ಅರ್ಥದ ‘ಎಜುಕೇಷನ್’ ಕೂಡ ಅದೇ ಗುಂಪಿನ ಪದ. ಕಿವಿಗೆ ಒಂದು, ಪುಸ್ತಕಕ್ಕೆ ಇನ್ನೊಂದು ಎಂಬ ಈ ಗೊಂದಲದಲ್ಲಿ ಮಗು ತಡವರಿಸುತ್ತಿತ್ತು. ತಡವರಿಸಿದ್ದಕ್ಕೆ ಬೆತ್ತದ ಏಟು ತಿನ್ನುತ್ತಿತ್ತು.

ದೇಶ ರಾಜಕೀಯವಾಗಿ ಸ್ವತಂತ್ರವಾಗುತ್ತಿದ್ದರೂ ಅದರ ಮಕ್ಕಳು ಪರದೇಶದ ಪುಸ್ತಕವನ್ನೇ ಉರು ಹೊಡೆಯುತ್ತಿದ್ದಾರಲ್ಲ ಎಂಬ ಕೊರಗು ವೆಬ್‌ಸ್ಟರನನ್ನು ಕಾಡಿತು. ಗೋಷನ್ನಿನಲ್ಲಿ ಹಗಲು ಪಾಠ ಹೇಳಿ, ಉಳಿದ ಹೊತ್ತಿನಲ್ಲಿ ಆತ ಹೊಸ ಪಠ್ಯಪುಸ್ತಕ ಬರೆಯತೊಡಗಿದನು.

ನೀಲಿ ಹೊದಿಕೆಯ ಪುಸ್ತಕ

ಆ ಪುಸ್ತಕ 1783ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾಯಿತು. ಮುದ್ರಕರು ನಷ್ಟದ ಹೊಣೆ ಹೊರಲು ಒಪ್ಪದಿದ್ದುದರಿಂದ ಆ ಹೊಣೆಯನ್ನು ಲೇಖಕನೇ ಹೊರಬೇಕಾಯಿತು. ಇಪ್ಪತ್ತನಾಲ್ಕರ ಬಡ ಉಪಾಧ್ಯಾಯನ ಬೆನ್ನಿಗೆ ನಿಂತವರು ಜೋಯೆಲ್ ಬಾರ್ಲೊ, ಜಾನ್ ಟ್ರಂಬುಲ್ ಮೊದಲಾದ ಯೇಲಿನ ಗೆಳೆಯರು. ಯೇಲ್ ಅಧ್ಯಕ್ಷ ಎಜ್ರಾ ಸ್ಟೈಲ್ಸ್ ಸೂಚಿಸಿದ ಭಾರಿ ಗಾತ್ರದ ಪಂಡಿತ ಶೀರ್ಷಿಕೆ ಪುಸ್ತಕಕ್ಕೆ ಅಂಟಿತು. ಜನ ಮಾತ್ರ ಅದರ ನೀಲಿ ಹೊದಿಕೆಯನ್ನು ಕಂಡು ನೀಲಿ ಬೆನ್ನಿನ ಕಾಗುಣಿತವೆಂದೇ ಕರೆದರು. ಮೊದಲ ಮುದ್ರಣದ 5,000 ಪ್ರತಿಗಳು ಒಂಬತ್ತು ತಿಂಗಳೊಳಗೆ ಖರ್ಚಾದವು.

ಪುಸ್ತಕದ ಗುಟ್ಟು ಅದರ ಸರಳ ಕ್ರಮದಲ್ಲಿತ್ತು. ಮೊದಲು ಅಕ್ಷರ, ನಂತರ ಎರಡು ಅಕ್ಷರ ಕೂಡಿದ ಉಚ್ಚಾರ, ಅನಂತರ ಚಿಕ್ಕ ಪದ, ಕೊನೆಗೆ ದೊಡ್ಡ ಪದ. ನಾಲಿಗೆ ಎಲ್ಲಿ ನಿಲ್ಲುವುದೋ ಅಲ್ಲಿಯೇ ಪದವನ್ನು ಒಡೆದು ತೋರಿಸಲಾಗಿತ್ತು. ಇಂಗ್ಲೆಂಡಿನ ಊರುಗಳ ಜಾಗದಲ್ಲಿ ಅಮೆರಿಕದ ಊರುಗಳು ಬಂದವು. ಕದ್ದು ಹಣ್ಣು ಕಿತ್ತ ಹುಡುಗನ ಕಥೆ, ಹಾಲಿನ ಪಾತ್ರೆ ತಲೆಯ ಮೇಲಿಟ್ಟುಕೊಂಡು ಕನಸು ಕಂಡ ಹುಡುಗಿಯ ಕಥೆ ಮುಂತಾದ ನೀತಿಕಥೆಗಳೂ ಸೇರಿದವು. ಮುಂದೆ 1784ರಲ್ಲಿ ವ್ಯಾಕರಣ, 1785ರಲ್ಲಿ ವಾಚನಮಾಲೆ ಪ್ರಕಟವಾದವು.

ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಈ ಕಾಗುಣಿತದ ಪುಸ್ತಕ ಕೋಟಿಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. 1890ರ ಹೊತ್ತಿಗೆ 6 ಕೋಟಿ ಪ್ರತಿಗಳು ಹೋಗಿದ್ದವೆಂಬ ಅಂದಾಜಿದೆ. ಕಾಡಂಚಿನ ಹಳ್ಳಿಗಳಲ್ಲಿ ಬೈಬಲ್ಲಿನೊಡನೆ ಮನೆಯಲ್ಲಿರುತ್ತಿದ್ದ ಇನ್ನೊಂದು ಪುಸ್ತಕ ಇದೇ ಆಗಿರುತ್ತಿತ್ತು. ಚಳಿಗಾಲದ ಸಂಜೆಗಳಲ್ಲಿ ಊರಿನವರೆಲ್ಲ ಶಾಲೆಯಲ್ಲಿ ಸೇರಿ ಪದಗಳ ಅಕ್ಷರ ಹೇಳುವ ಸ್ಪರ್ಧೆ ನಡೆಸುವ ವಾಡಿಕೆ ಬೆಳೆಯಿತು. ಇಂದು ‘ಸ್ಪೆಲ್ಲಿಂಗ್ ಬೀ’ ಎಂದು ಹೆಸರಾದ, ಭಾರತೀಯ ಮೂಲದ ಅಮೆರಿಕನ್ ಮಕ್ಕಳು ಮತ್ತೆ ಮತ್ತೆ ಗೆಲ್ಲುತ್ತಿರುವ ಸ್ಪರ್ಧೆಯ ಬೇರು ಈ ವಾಡಿಕೆಯಲ್ಲಿದೆ.

ಲೇಖಕನ ಹಕ್ಕು

ಪುಸ್ತಕ ಜನಪ್ರಿಯವಾದಂತೆ ಕಳ್ಳಮುದ್ರಣದ ಭೀತಿ ಎದುರಾಯಿತು. ಲೇಖಕನ ಹಕ್ಕನ್ನು ಕಾಯುವ ಏಕರೂಪದ ಕಾನೂನು ಅಮೆರಿಕದಲ್ಲಿ ಆಗ ಇರಲಿಲ್ಲ. ಹದಿಮೂರು ರಾಜ್ಯಗಳಲ್ಲಿ ಹದಿಮೂರು ಶಾಸನಸಭೆಗಳು. ವೆಬ್‌ಸ್ಟರ್ ಕುದುರೆ, ಬಂಡಿ, ಹಡಗುಗಳಲ್ಲಿ ಸಂಚರಿಸಿ ಶಾಸಕರನ್ನು ಕಂಡು ಮನವೊಲಿಸುವ ಕೆಲಸಕ್ಕಿಳಿದನು. ಕನೆಕ್ಟಿಕಟ್ 1783ರಲ್ಲೇ ಕೃತಿಸ್ವಾಮ್ಯದ ಕಾನೂನು ಮಾಡಿತು. 1786ರ ವೇಳೆಗೆ ಡೆಲವೇರ್ ಒಂದನ್ನುಳಿದು ಎಲ್ಲ ರಾಜ್ಯಗಳಲ್ಲೂ ಅಂಥ ಕಾನೂನುಗಳಾದವು. 1790ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಶಾಸನ ಬಂದಿತು. ಇದು ಒಬ್ಬನ ದುಡಿಮೆಯ ಫಲವಲ್ಲವಾದರೂ ಅದರಲ್ಲಿ ವೆಬ್‌ಸ್ಟರನ ಪಾಲು ದೊಡ್ಡದು.

ವಿಪರ್ಯಾಸವೆಂದರೆ, ಇಷ್ಟೆಲ್ಲ ಹೋರಾಡಿದವನಿಗೆ ತನ್ನ ಪುಸ್ತಕದಿಂದ ಸಿರಿತನ ಬರಲಿಲ್ಲ. ಸಾಲ ತೀರಿಸುವ ಆತುರದಲ್ಲಿ ಮುದ್ರಣದ ಹಕ್ಕುಗಳನ್ನು ಮುಂಚಿತವಾಗಿಯೇ ಅಗ್ಗದ ಬೆಲೆಗೆ ಮಾರಿಬಿಡುತ್ತಿದ್ದನು. ಪ್ರತಿಯೊಂದಕ್ಕೆ ಆತನಿಗೆ ದಕ್ಕುತ್ತಿದ್ದುದು ಒಂದು ಸೆಂಟ್ ಅಥವಾ ಅದಕ್ಕೂ ಕಡಿಮೆ. ಆದರೂ ಮುಂದಿನ ದೀರ್ಘ ವಿದ್ವತ್ಕಾರ್ಯದ ವರ್ಷಗಳಲ್ಲಿ ಸಂಸಾರ ನಡೆದದ್ದು ಬಹುಮಟ್ಟಿಗೆ ಈ ಚಿಲ್ಲರೆಯಿಂದಲೇ.

ಉಪಾಧ್ಯಾಯನ ಗೌರವ

1785ರಲ್ಲಿ ವೆಬ್‌ಸ್ಟರ್ ಮೌಂಟ್ ವರ್ನನ್ನಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಅತಿಥಿಯಾಗಿದ್ದನು. ಮನೆಯ ಮಕ್ಕಳಿಗೆ ಪಾಠ ಹೇಳಲು ಸ್ಕಾಟ್ಲೆಂಡಿನಿಂದ ಉಪಾಧ್ಯಾಯನೊಬ್ಬನನ್ನು ಕರೆಸುವ ಆಲೋಚನೆಯನ್ನು ವಾಷಿಂಗ್ಟನ್ ಮಾತಿನ ನಡುವೆ ತಿಳಿಸಿದನು. ಸ್ವಾತಂತ್ರ್ಯ ಗಳಿಸಿದ ನಾಡು ಮೊದಲ ಅಕ್ಷರ ಕಲಿಸುವುದಕ್ಕೂ ಯೂರೋಪಿನಿಂದ ಜನರನ್ನು ಕರೆಸಿದರೆ ಜಗತ್ತು ಏನೆಂದುಕೊಂಡೀತು ಎಂದು ವೆಬ್‌ಸ್ಟರ್ ನೇರವಾಗಿಯೇ ಪ್ರಶ್ನಿಸಿದನೆಂದು ಆತನೇ ಮುಂದೆ ದಾಖಲಿಸಿದ್ದಾನೆ. ಆ ಕೆಲಸ ವೆಬ್‌ಸ್ಟರನಿಗೇ ಒದಗುವ ಸಂದರ್ಭವೂ ಬಂದಿತು. ಬರವಣಿಗೆಗೆ ಬಿಡುವು ಸಿಗದೆಂಬ ಕಾರಣದಿಂದ ಅದು ಕೈಗೂಡಲಿಲ್ಲ.

ಶಿಕ್ಷಣವನ್ನು ಕುರಿತು ಆತ 1780ರ ದಶಕದ ಕೊನೆಯಲ್ಲಿ ಬರೆದ ಪ್ರಬಂಧ ಇಂದಿಗೂ ವಿಚಾರಾರ್ಹವಾಗಿದೆ. ವ್ಯಾಪಾರಕ್ಕೆ ಹೋಗುವವನಿಗೂ ಬೇಸಾಯ ಮಾಡುವವನಿಗೂ ಲ್ಯಾಟಿನ್, ಗ್ರೀಕ್ ಕಡ್ಡಾಯವೇಕೆ ಎಂಬುದು ಅದರ ಒಂದು ಆಕ್ಷೇಪ. ಮಾತೃಭಾಷೆಯನ್ನು ಚೆನ್ನಾಗಿ ಕಲಿಸದೆ ಸತ್ತ ಭಾಷೆಗಳ ವ್ಯಾಕರಣವನ್ನು ತುರುಕುವುದು ಕಾಲಹರಣವೆಂದು ಆತ ವಾದಿಸಿದನು. ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಸಮರ್ಥಿಸಿದನು. ಆದರೆ ಮಕ್ಕಳ ಮೊದಲ ಗುರು ತಾಯಿ ಎಂಬ ಕಾರಣವನ್ನೇ ಮುಂದಿಟ್ಟದ್ದರಿಂದ ಆ ಸಮರ್ಥನೆಯ ಎಲ್ಲೆ ಅಷ್ಟಕ್ಕೇ ನಿಂತಿತು. ಎಲ್ಲಕ್ಕಿಂತ ಹೆಚ್ಚಾಗಿ ಆತನನ್ನು ನೋಯಿಸಿದ್ದು ಉಪಾಧ್ಯಾಯರ ಆಯ್ಕೆ. ಸಂಬಳ ಉಳಿಸುವ ಲೋಭದಿಂದ ಶೀಲವಿಲ್ಲದವರನ್ನು ಶಾಲೆಗೆ ನೇಮಿಸುವ ತಂದೆತಾಯಿಯರು ತಮ್ಮ ಮಕ್ಕಳನ್ನೇ ಕೆಡಿಸುತ್ತಾರೆಂದು ಕಟುವಾಗಿ ಬರೆದನು. ಊರಿನ ಅತ್ಯಂತ ಗೌರವಾನ್ವಿತ ವ್ಯಕ್ತಿಗಳ ಸಾಲಿನಲ್ಲಿ ಉಪಾಧ್ಯಾಯನಿಗೂ ಸ್ಥಾನವಿರಬೇಕೆಂಬುದು ಆತನ ನಿಲುವಾಗಿತ್ತು.

ನಗೆಗೀಡಾದ ಸುಧಾರಣೆ

1789ರಲ್ಲಿ ವೆಬ್‌ಸ್ಟರ್ ಬಾಸ್ಟನ್ನಿನ ರೆಬೆಕಾ ಗ್ರೀನ್‌ಲೀಫ್‌ಳನ್ನು ವಿವಾಹವಾದನು. ಈ ದಂಪತಿಗೆ ಎಂಟು ಮಕ್ಕಳಾದರು. ಒಂದು ಶಿಶು ಉಳಿಯಲಿಲ್ಲ. ಅದೇ ವರ್ಷ ಇಂಗ್ಲಿಷ್ ಭಾಷೆಯನ್ನು ಕುರಿತ ತನ್ನ ಉಪನ್ಯಾಸಗಳನ್ನು ಪ್ರಕಟಿಸಿ ಬೆಂಜಮಿನ್ ಫ್ರಾಂಕ್ಲಿನ್ನನಿಗೆ ಅರ್ಪಿಸಿದನು. ಇಂಗ್ಲಿಷಿಗೆ ಹೊಸ ಲಿಪಿಯನ್ನೇ ರೂಪಿಸಬೇಕೆಂಬ ಹಂಬಲ ಫ್ರಾಂಕ್ಲಿನ್ನನಿಗಿತ್ತು. ವೆಬ್‌ಸ್ಟರ್ ಅಷ್ಟು ದೂರ ಹೋಗದಿದ್ದರೂ ಉಚ್ಚಾರದಂತೆಯೇ ಬರಹವಿರಬೇಕೆಂಬ ವಾದವನ್ನು ಎತ್ತಿಹಿಡಿದನು.

1790ರ ಪ್ರಬಂಧ ಸಂಕಲನದ ಕೆಲವು ಭಾಗಗಳನ್ನು ಈ ಹೊಸ ಬಗೆಯಲ್ಲೇ ಅಚ್ಚು ಹಾಕಿಸಿದನು. ಓದುಗರು ನಕ್ಕರು, ಗೆಳೆಯರು ಮುಜುಗರಪಟ್ಟರು. ಆಗ ಆತ ಪಾಠ ಕಲಿತನು. ಭಾಷೆಯನ್ನು ಒಮ್ಮೆಗೇ ಬದಲಿಸಲಾಗದು, ಜನ ಒಪ್ಪುವಷ್ಟನ್ನು ಮಾತ್ರ, ಅದೂ ಮೆಲ್ಲಮೆಲ್ಲನೆ ಬದಲಿಸಬೇಕೆಂಬ ವಿವೇಕ ಮೂಡಿತು.

‘ಆನರ್’, ‘ಕಲರ್’ ಪದಗಳಿಂದ ಯು ಅಕ್ಷರವನ್ನು ಬಿಟ್ಟದ್ದು, ‘ಸೆಂಟರ್’, ‘ಥಿಯೇಟರ್’ ಪದಗಳ ಕೊನೆಯ ಎರಡು ಅಕ್ಷರಗಳನ್ನು ಅದಲುಬದಲು ಮಾಡಿದ್ದು, ‘ಡಿಫೆನ್ಸ್’ ಪದದ ಸಿ ಅಕ್ಷರಕ್ಕೆ ಬದಲಾಗಿ ಎಸ್ ಬರೆದದ್ದು ಅಮೆರಿಕದಲ್ಲಿ ಉಳಿದುಕೊಂಡವು. ‘ಮ್ಯೂಸಿಕ್’, ‘ಲಾಜಿಕ್’, ‘ಅರಿತ್‌ಮೆಟಿಕ್’ ಎಂಬ ಪಾಠವಿಷಯಗಳ ಹೆಸರುಗಳ ಕೊನೆಗೆ ಜಾನ್ಸನ್ ಸೇರಿಸುತ್ತಿದ್ದ ಕೆ ಅಕ್ಷರವನ್ನು ವೆಬ್‌ಸ್ಟರ್ ಕೈಬಿಟ್ಟನು. ಕಾಲಕ್ರಮೇಣ ಇಂಗ್ಲೆಂಡೂ ಅದನ್ನು ಬಿಟ್ಟಿತು. ಈ ರೂಪಗಳಲ್ಲಿ ಹಲವು ಅದಕ್ಕೆ ಮೊದಲೇ ಅಲ್ಲಲ್ಲಿ ಬಳಕೆಯಲ್ಲಿದ್ದವು. ಅವನ್ನು ಆರಿಸಿ, ಕ್ರಮಗೊಳಿಸಿ, ಮಕ್ಕಳ ಪುಸ್ತಕದ ಮೂಲಕ ಮನೆಮನೆಗೆ ಮುಟ್ಟಿಸಿದ ಶ್ರೇಯ ವೆಬ್‌ಸ್ಟರನದು. ನಾಲಿಗೆ, ಹೆಂಗಸರು, ಯಂತ್ರ ಎಂಬ ಅರ್ಥದ ಪದಗಳಿಗೆ ಆತ ಸೂಚಿಸಿದ ವಿಚಿತ್ರ ಬರಹಗಳು ಮಾತ್ರ ಯಾರಿಗೂ ಬೇಡವಾದವು.

ನಡುವೆ ಪತ್ರಿಕೋದ್ಯಮವೂ ನಡೆಯಿತು. 1793ರಲ್ಲಿ ನ್ಯೂಯಾರ್ಕಿನಲ್ಲಿ ದಿನಪತ್ರಿಕೆಯೊಂದನ್ನು ಆರಂಭಿಸಿ ಕೆಲವು ವರ್ಷ ನಡೆಸಿದನು. ಪಕ್ಷರಾಜಕೀಯದ ಬೈಗುಳಗಳಿಂದ ಬೇಸತ್ತು 1798ರಲ್ಲಿ ಸಂಸಾರಸಮೇತ ನ್ಯೂಹೇವನ್ನಿಗೆ ಹಿಂತಿರುಗಿದನು.

ಕಾಲು ಶತಮಾನದ ತಪಸ್ಸು

1800ರಲ್ಲಿ ವೆಬ್‌ಸ್ಟರ್ ಅಮೆರಿಕದ ಇಂಗ್ಲಿಷಿಗೆ ಪ್ರತ್ಯೇಕ ನಿಘಂಟು ರಚಿಸುವ ಯೋಜನೆಯನ್ನು ಪ್ರಕಟಿಸಿದನು. ಪತ್ರಿಕೆಗಳು ಅಪಹಾಸ್ಯದ ಮಳೆಗರೆದವು. ಜಾನ್ಸನ್ನನ ನಿಘಂಟಿರುವಾಗ ಹಳ್ಳಿಗರ ಆಡುಮಾತಿಗೆ ಇನ್ನೊಂದೇಕೆ ಎಂಬುದು ಟೀಕಾಕಾರರ ವಾದ. ಹೊಸ ನಾಡಿನಲ್ಲಿ ಹೊಸ ಗಿಡ, ಹೊಸ ಪ್ರಾಣಿ, ಹೊಸ ಬಗೆಯ ಸರ್ಕಾರ ಇರುವಾಗ ಅವನ್ನು ಹೆಸರಿಸುವ ಪದಗಳಿಗೂ ನಿಘಂಟಿನಲ್ಲಿ ಸ್ಥಾನ ಬೇಕೆಂಬುದು ವೆಬ್‌ಸ್ಟರನ ಉತ್ತರ. 1806ರಲ್ಲಿ ಸುಮಾರು 37,000 ಪದಗಳ ಚಿಕ್ಕ ನಿಘಂಟು ಹೊರಬಂದಿತು. ಮರುವರ್ಷ ದೊಡ್ಡ ನಿಘಂಟಿನ ಕೆಲಸಕ್ಕೆ ಕುಳಿತನು.

ಅರ್ಧವೃತ್ತಾಕಾರದ ಉದ್ದನೆಯ ಮೇಜಿನ ಮೇಲೆ ನಾನಾ ಭಾಷೆಗಳ ನಿಘಂಟುಗಳನ್ನು ಸಾಲಾಗಿ ತೆರೆದಿಟ್ಟು, ಒಂದು ಪದದ ಬೆನ್ನು ಹತ್ತಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಂತೇ ಸಾಗುವುದು ಆತನ ಕ್ರಮ. ಸಂಸ್ಕೃತವೂ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯ ಮಾಡಿಕೊಂಡನು. ನೆರವಿಗೆ ಗುಮಾಸ್ತರ ಪಡೆ ಇರಲಿಲ್ಲ. ಬರವಣಿಗೆ ಪೂರ್ತಿ ಸ್ವಂತ ಕೈಯಿಂದಲೇ.

ಖರ್ಚು ತಗ್ಗಿಸಲು 1812ರಲ್ಲಿ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಎಂಬ ಹಳ್ಳಿಗೆ ನೆಲೆ ಬದಲಿಸಿದನು. ಅಲ್ಲಿಯೂ ಶಿಕ್ಷಣದ ನಂಟು ಬಿಡಲಿಲ್ಲ. ಊರಿನ ವಿದ್ಯಾಲಯಕ್ಕಾಗಿ ದುಡಿದು, 1821ರಲ್ಲಿ ಆಮ್ಹರ್ಸ್ಟ್ ಕಾಲೇಜು ತಲೆಯೆತ್ತಿದಾಗ ಅದರ ಸ್ಥಾಪಕರಲ್ಲೊಬ್ಬನಾಗಿದ್ದನು. 1822ರಲ್ಲಿ ನ್ಯೂಹೇವನ್ನಿಗೆ ಮರಳಿ, 1824ರಲ್ಲಿ ಮಗ ವಿಲಿಯಮ್ಮನೊಡನೆ ಯೂರೋಪಿಗೆ ಹಡಗೇರಿದನು. ಪ್ಯಾರಿಸ್ಸಿನ ರಾಜಗ್ರಂಥಾಲಯ ಹಾಗೂ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಗ್ರಂಥಗಳನ್ನು ಪರಿಶೀಲಿಸಿದನು. 1825ರ ಜನವರಿಯಲ್ಲಿ, ಕೇಂಬ್ರಿಜ್‌ನ ಬಾಡಿಗೆ ಕೋಣೆಯಲ್ಲಿ ಕೊನೆಯ ಪದ ಬರೆಯುವಾಗ ಕೈ ನಡುಗಿ ಲೇಖನಿ ಹಿಡಿಯುವುದೇ ಕಷ್ಟವಾಯಿತು. ಕೋಣೆಯಲ್ಲಿ ಕೆಲವು ನಿಮಿಷ ಅತ್ತಿತ್ತ ನಡೆದಾಡಿ ಮನಸ್ಸನ್ನು ಹಿಡಿತಕ್ಕೆ ತಂದುಕೊಂಡನು.

1828ರಲ್ಲಿ ಎರಡು ಸಂಪುಟಗಳ ಮಹಾನಿಘಂಟು ಪ್ರಕಟವಾಯಿತು. ಲೇಖಕನಿಗಾಗ ಎಪ್ಪತ್ತು. ಪದಗಳ ಸಂಖ್ಯೆ ಸುಮಾರು 70,000; ಅವುಗಳಲ್ಲಿ 12,000 ಹಿಂದಿನ ಯಾವ ಇಂಗ್ಲಿಷ್ ನಿಘಂಟಿನಲ್ಲೂ ಇಲ್ಲದಂಥವು. ಅಮೆರಿಕದಲ್ಲಿ ಅಚ್ಚಾದದ್ದು 2,500 ಪ್ರತಿಗಳು. ಬೆಲೆ 20 ಡಾಲರ್, ಸಾಮಾನ್ಯ ಉಪಾಧ್ಯಾಯನ ಕೈಗೆ ಎಟುಕದ ಮೊತ್ತ.

ಗುಣ ಮತ್ತು ದೋಷ

ಅರ್ಥ ಹೇಳುವುದರಲ್ಲಿ ವೆಬ್‌ಸ್ಟರನದು ಅಸಾಧಾರಣ ಶಕ್ತಿ. ಶಿಕ್ಷಣವೆಂಬ ಪದವನ್ನೇ ನೋಡಬಹುದು. ಪಾಠ ಹೇಳುವುದಷ್ಟಕ್ಕೇ ಆತ ಅದನ್ನು ಸೀಮಿತಗೊಳಿಸಲಿಲ್ಲ. ಬುದ್ಧಿಗೆ ಬೆಳಕು, ಸ್ವಭಾವಕ್ಕೆ ತಿದ್ದುಪಡಿ, ನಡತೆಗೆ ರೂಪ, ಮುಂದಿನ ಬಾಳಿಗೆ ಯೋಗ್ಯತೆ ಇವೆಲ್ಲ ಆ ಒಂದು ಪದದ ಅರ್ಥವ್ಯಾಪ್ತಿಯೊಳಗೆ ಬಂದವು. ಹಲವು ವರ್ಷ ಮಕ್ಕಳ ಮುಂದೆ ನಿಂತವನು ಮಾತ್ರ ಕೊಡಬಲ್ಲ ವಿವರಣೆ ಅದು. ಮುಂದೆ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕನಾದ ಜೇಮ್ಸ್ ಮರೆ ಕೂಡ, ಅರ್ಥ ನಿರೂಪಣೆ ವೆಬ್‌ಸ್ಟರನಿಗೆ ಹುಟ್ಟಿನಿಂದಲೇ ಬಂದ ಗುಣವೆಂದು ಮೆಚ್ಚಿದ್ದಾನೆ.

ಪದಗಳ ಮೂಲ ಹುಡುಕುವುದರಲ್ಲಿ ಮಾತ್ರ ಆತ ದಾರಿ ತಪ್ಪಿದನು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಪ್ರತಿಪಾದಿಸಿದ್ದನು. ಜರ್ಮನಿಯ ವಿದ್ವಾಂಸರು ಆ ದಿಕ್ಕಿನಲ್ಲಿ ಬಹಳ ಮುಂದೆ ಸಾಗಿದ್ದರು. 1808ರಲ್ಲಿ ಗಾಢ ಧಾರ್ಮಿಕ ಪರಿವರ್ತನೆಗೊಳಗಾದ ವೆಬ್‌ಸ್ಟರ್, ಬೈಬಲ್ಲಿನ ಕಥನದಂತೆ ಎಲ್ಲ ಭಾಷೆಗಳಿಗೂ ಒಂದೇ ಆದಿಭಾಷೆ ಇತ್ತೆಂಬ ನಂಬಿಕೆಗೆ ಅಂಟಿಕೊಂಡನು. ವರ್ಷಗಟ್ಟಲೆ ಶ್ರಮಿಸಿ ಬರೆದ ಆ ಪದಮೂಲಗಳಲ್ಲಿ ಬಹುಭಾಗವನ್ನು ನಂತರದ ಸಂಪಾದಕರು ತೆಗೆದುಹಾಕಬೇಕಾಯಿತು.

ಸ್ವಭಾವದಲ್ಲೂ ಆತ ಸುಲಭದ ಮನುಷ್ಯನಲ್ಲ. ಹಟ, ಅಹಂಕಾರ, ಟೀಕೆಯನ್ನು ಸಹಿಸದ ಮುಂಗೋಪಗಳಿದ್ದವು. ಯೌವನದಲ್ಲಿ ಜನತಂತ್ರದ ಪರವಾಗಿ ಬರೆದವನು ವಯಸ್ಸಾದಂತೆ ಸಾಮಾನ್ಯ ಜನರ ಮತದಾನದ ಬಗ್ಗೆ ಶಂಕೆ ತಳೆದನು. 1793ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಪುಸ್ತಕ ಬರೆದವನೇ, ಮುಂದೆ ಅದರ ತಕ್ಷಣದ ನಿರ್ಮೂಲನೆಗಾಗಿ ಹೋರಾಡಿದವರನ್ನು ಹಳಿದನು.

ಗುಲಾಮನ ಕೈಯಲ್ಲಿ ಕಾಗುಣಿತ

ಆದರೆ ಪುಸ್ತಕವೊಂದು ಹೊರಬಿದ್ದ ಮೇಲೆ ಅದು ಲೇಖಕನ ಮರ್ಜಿಯನ್ನು ಕಾಯುವುದಿಲ್ಲ. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದು ಶಿಕ್ಷಾರ್ಹ ಅಪರಾಧವಾಗಿತ್ತು. ಬಾಲ್ಟಿಮೋರಿನಲ್ಲಿ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಸ್ ಎಂಬ ಬಾಲಕನಿಗೆ ಮನೆಯೊಡತಿ ಅಕ್ಷರ ಕಲಿಸತೊಡಗಿದಾಗ ಮನೆಯೊಡೆಯ ಅದನ್ನು ತಡೆದನು. ಬಾಲಕ ವೆಬ್‌ಸ್ಟರನ ಕಾಗುಣಿತದ ಪುಸ್ತಕವನ್ನು ಸಂಪಾದಿಸಿಕೊಂಡು, ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡನು. ಅದರ ಓರೆ ಅಕ್ಷರಗಳನ್ನು ನೋಡದೆಯೇ ಬರೆಯಲು ಬರುವವರೆಗೆ ತಿದ್ದಿದನು. 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದ ಡಗ್ಲಸ್ ಮುಂದೆ ಗುಲಾಮಗಿರಿ ವಿರೋಧಿ ಹೋರಾಟದ ಮಹಾನ್ ವಾಗ್ಮಿಯಾದನು. 1865ರಲ್ಲಿ ಅಂತರ್ಯುದ್ಧ ಮುಗಿದು ಬಿಡುಗಡೆ ಪಡೆದ ಜನ, ಮಕ್ಕಳೆನ್ನದೆ ಮುದುಕರೆನ್ನದೆ, ಶಾಲೆಗಳಲ್ಲಿ ಕೈಗೆತ್ತಿಕೊಂಡ ಪುಸ್ತಕಗಳಲ್ಲೂ ಇದೇ ನೀಲಿ ಹೊದಿಕೆಯದು ಪ್ರಮುಖವಾಗಿತ್ತು.

ಕೊನೆಯ ವರ್ಷಗಳು

ಮಹಾನಿಘಂಟಿನಿಂದ ಕೀರ್ತಿ ಬಂದಿತು, ಹಣ ಬರಲಿಲ್ಲ. ಅದರ ಸಂಕ್ಷಿಪ್ತ ರೂಪವನ್ನು ಸಿದ್ಧಪಡಿಸಿದ ಜೋಸೆಫ್ ವೋರ್ಸೆಸ್ಟರ್ 1830ರಲ್ಲಿ ಸ್ವಂತ ನಿಘಂಟು ಹೊರತಂದು ಪ್ರತಿಸ್ಪರ್ಧಿಯಾದನು. ಇವರ ನಡುವಿನ ಕಲಹ ನಿಘಂಟುಗಳ ಯುದ್ಧವೆಂದೇ ಹೆಸರಾಯಿತು. 1831ರಲ್ಲಿ ಕೃತಿಸ್ವಾಮ್ಯದ ಮೊದಲ ಅವಧಿಯನ್ನು 14 ವರ್ಷಗಳಿಂದ 28 ವರ್ಷಗಳಿಗೆ ಏರಿಸಿದ ಶಾಸನಕ್ಕಾಗಿ ವೃದ್ಧ ವೆಬ್‌ಸ್ಟರ್ ರಾಜಧಾನಿಗೂ ಹೋಗಿ ಬಂದನು. ನಿಘಂಟಿನ ಎರಡನೆಯ ಆವೃತ್ತಿಗಾಗಿ ಮನೆಯನ್ನೇ ಒತ್ತೆಯಿಟ್ಟನು. ಒಂದು ಕಾಲಕ್ಕೆ ಮಗನ ಓದಿಗಾಗಿ ತಂದೆ ಜಮೀನು ಒತ್ತೆಯಿಟ್ಟಿದ್ದನಷ್ಟೆ. ಆ ಮಗ ತನ್ನ ಮುಪ್ಪಿನಲ್ಲಿ ವಿದ್ಯೆಗಾಗಿಯೇ ಮತ್ತೆ ಸಾಲಗಾರನಾದನು. ಆ ಆವೃತ್ತಿ 1841ರಲ್ಲಿ ಪ್ರಕಟವಾಯಿತು.

1843ರ ಮೇ 28ರಂದು, 84ನೆಯ ವಯಸ್ಸಿನಲ್ಲಿ, ವೆಬ್‌ಸ್ಟರ್ ನ್ಯೂಹೇವನ್ನಿನಲ್ಲಿ ನಿಧನನಾದನು. ಸ್ಪ್ರಿಂಗ್‌ಫೀಲ್ಡ್‌ನ ಜಾರ್ಜ್ ಮತ್ತು ಚಾರ್ಲ್ಸ್ ಮೆರಿಯಮ್ ಸಹೋದರರು ನಿಘಂಟಿನ ಹಕ್ಕು ಪಡೆದು 1847ರಲ್ಲಿ 6 ಡಾಲರಿಗೆ ಒಂದೇ ಸಂಪುಟವಾಗಿ ಪ್ರಕಟಿಸಿದರು. ಬೆಲೆ ಇಳಿದೊಡನೆ ಅದು ಶಾಲೆ, ಕಚೇರಿ, ಮನೆಗಳಿಗೆಲ್ಲ ಹರಡಿತು. ಮೆರಿಯಮ್-ವೆಬ್‌ಸ್ಟರ್ ಎಂಬ ಹೆಸರು ಇಂದಿಗೂ ಆ ಪರಂಪರೆಯನ್ನು ಮುಂದುವರಿಸಿದೆ.

ಕರ್ನಾಟಕದ ಶಾಲಾ ಆವರಣದಲ್ಲಿ ಇಂದು ಕೇಳಿಬರುವ ಇಂಗ್ಲಿಷ್ ಪದಗಳಲ್ಲೂ ಎರಡು ದೇಶಗಳ ಗುರುತುಗಳಿವೆ. ‘ಹೆಡ್‌ಮಾಸ್ಟರ್’ ಇಂಗ್ಲೆಂಡಿನಿಂದ ಬಂದದ್ದು. ‘ಕ್ಯಾಂಪಸ್’ ಕಾಲೇಜಿನ ಆವರಣವೆಂಬ ಅರ್ಥ ಪಡೆದದ್ದು ಅಮೆರಿಕದಲ್ಲಿ. ‘ಸೆಮಿಸ್ಟರ್’ ಜರ್ಮನಿಯ ವಿಶ್ವವಿದ್ಯಾಲಯಗಳಿಂದ ಅಮೆರಿಕದ ಮಾರ್ಗವಾಗಿ ಹಬ್ಬಿದ ಪದ. ‘ಪಬ್ಲಿಕ್ ಸ್ಕೂಲ್’ ಎಂದರೆ ಇಂಗ್ಲೆಂಡಿನಲ್ಲಿ ಶುಲ್ಕ ದುಬಾರಿಯಾದ ಖಾಸಗಿ ಶಾಲೆ, ಅಮೆರಿಕದಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಶಾಲೆ. ನಮ್ಮಲ್ಲಿ ಎರಡು ಅರ್ಥಗಳೂ ಚಾಲ್ತಿಯಲ್ಲಿವೆ. ಒಂದೇ ಪದ ನಾಡಿನಿಂದ ನಾಡಿಗೆ ಅರ್ಥ ಬದಲಿಸುತ್ತದೆ, ಆದ್ದರಿಂದ ಆಯಾ ನಾಡಿನ ಜನ ತಮ್ಮ ಬಳಕೆಯನ್ನು ತಾವೇ ದಾಖಲಿಸಿಕೊಳ್ಳಬೇಕು ಎಂಬುದೇ ವೆಬ್‌ಸ್ಟರ್ ಜೀವಮಾನವಿಡೀ ಸಾಧಿಸಿದ ವಾದ.

ಆತನ ರಾಜಕೀಯ ನಿಲುವುಗಳು ಹಳತಾಗಿವೆ, ಪದಮೂಲಗಳು ತಿರಸ್ಕೃತವಾಗಿವೆ. ಆದರೆ ಮಗುವಿನ ಪುಸ್ತಕದಲ್ಲಿ ಮಗುವಿನ ಊರು ಇರಬೇಕು, ಪುಸ್ತಕದ ಪದ ಮಗುವಿನ ನಾಲಿಗೆಗೆ ಒಗ್ಗಬೇಕು, ಅದನ್ನು ಕಲಿಸುವವನಿಗೆ ಸಮಾಜದಲ್ಲಿ ಗೌರವವಿರಬೇಕು ಎಂದು ಗೋಷನ್ನಿನ ಬಡ ಉಪಾಧ್ಯಾಯ ಕಂಡುಕೊಂಡ ಮೂರು ಸಂಗತಿಗಳು ಇಂದಿಗೂ ಹಳತಾಗಿಲ್ಲ. ಶಿಕ್ಷಣದ ಮಾಧ್ಯಮ, ಪಠ್ಯಪುಸ್ತಕ, ಶಿಕ್ಷಕರ ಸ್ಥಿತಿಗತಿ ಕುರಿತು ಚರ್ಚೆ ನಡೆಯುವ ಪ್ರತಿಯೊಂದು ನಾಡಿನಲ್ಲೂ ಅವು ಮತ್ತೆ ಮತ್ತೆ ಎದುರಾಗುತ್ತಲೇ ಇವೆ.